ಮಣಿಯಿಟ್ಟು ಸೋಮೈಟ್ ಗಡಿ ಸರಿಸಿದ್ದು: ನನ್ನ ಅನುಭವ

ಭ್ರೂಣದಲ್ಲಿ ಎಫ್‌ಜಿಎಫ್ (ಜೀವಕೋಶಗಳಿಗೆ ಸಂಕೇತ ಕೊಡುವ ಪ್ರೋಟೀನು) ನೆನೆಸಿದ ಮಣಿ ಇಟ್ಟರೆ ಸಿಗುವುದು 'ಆಯ್ತು' ಇಲ್ಲವೇ 'ಆಗಲಿಲ್ಲ' ಎಂಬ ಎರಡೇ ಉತ್ತರ, ಅದರಿಂದ ಗ್ರೇಡಿಯೆಂಟ್ (ಮೂಲದಿಂದ ದೂರ ಹೋದಂತೆ ಪ್ರೋಟೀನು ಕಡಿಮೆಯಾಗುತ್ತಾ ಹೋಗುವ ಇಳಿಜಾರು) ಓದಲು ಹೊರಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಈ ಮಾತು ಹೇಳಿದವರು ಒಬ್ಬಿಬ್ಬರಲ್ಲ. ಮೊದಲ ನಲವತ್ತೈವತ್ತು ಭ್ರೂಣಗಳೂ ಅವರ ಪರವಾಗಿಯೇ ಸಾಕ್ಷಿ ಹೇಳಿದವು. ಈಗ ಪ್ರೋಟೀನು ಅದೇ, ಮಣಿಯೂ ಅದೇ. ಮಣಿಯನ್ನು ಪಿಎಸ್‌ಎಂ ಪಟ್ಟಿಗೆ (ಮುಂದೆ ಸೋಮೈಟ್‌ಗಳಾಗಿ ತುಂಡಾಗುವ ಅಂಗಾಂಶ) ಒತ್ತಿಕೊಂಡ ಹಾಗೆ ಇಟ್ಟರೆ ಸೋಮೈಟ್ (ಬೆನ್ನುಮೂಳೆ, ಸ್ನಾಯುಗಳಾಗುವ ಅಂಗಾಂಶದ ತುಂಡು) ಚೆನ್ನಾಗಿ ಕುಗ್ಗುತ್ತದೆ, ಸ್ವಲ್ಪ ದೂರ ಇಟ್ಟರೆ ಸ್ವಲ್ಪ ಕುಗ್ಗುತ್ತದೆ, ಇನ್ನೂ ದೂರಕ್ಕೆ ಒಯ್ದರೆ ಏನೂ ಆಗುವುದಿಲ್ಲ. ಮೂರು ಮೆಟ್ಟಿಲು ಬರಿಗಣ್ಣಿಗೆ ಅಲ್ಲದಿದ್ದರೂ ಸಾಧಾರಣ ಸ್ಟೀರಿಯೋ ಮೈಕ್ರೋಸ್ಕೋಪಿನಲ್ಲಿ ಕಾಣುತ್ತವೆ. ಬಣ್ಣ ಬೇಡ, ಪ್ರೋಬ್ ಬೇಡ.

ಕೋಳಿ ಭ್ರೂಣ, ಇಸಿ ಕಲ್ಚರ್ (ಭ್ರೂಣವನ್ನು ಮೊಟ್ಟೆಯಿಂದ ತೆಗೆದು ಲೋಳೆ-ಅಗಾರ್ ಪ್ಲೇಟಿನ ಮೇಲೆ ಬೆಳೆಸುವ ವಿಧಾನ), ಎಫ್‌ಜಿಎಫ್-8ಬಿ, ಎಫ್‌ಜಿಎಫ್ಫನ್ನು ಹಿಡಿದುಕೊಳ್ಳುವ ಹೆಪಾರಿನ್ ಅಂಟಿಸಿದ ಅಕ್ರಿಲಿಕ್ ಮಣಿ: ನನ್ನ ಸಾಮಾನು ಇಷ್ಟೇ. ಮಣಿಯ ಮುಂದುಗಡೆ ಪುಟ್ಟ ಸೋಮೈಟ್‌ಗಳ ಸಾಲು ಬರುತ್ತದೆ ಎಂದು ಡುಬ್ರುಲ್, ಪೂರ್ಕಿಯೆ ತಂಡ 2001ರಲ್ಲೇ ತೋರಿಸಿದೆ. ಹಾಗಾಗಿ ಪರಿಣಾಮ ಇದೆಯೋ ಇಲ್ಲವೋ ಎಂಬ ಚರ್ಚೆ ನನ್ನದಲ್ಲ. ಎಷ್ಟು ಕೊಟ್ಟರೆ ಎಷ್ಟು ಸರಿಯುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ತಪ್ಪು ಎಲ್ಲಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರೋಟೀನ್ ಸರಿಯಿತ್ತು, ಕೈಚಳಕವೂ ಸುಮಾರಾಗಿತ್ತು. ಮಣಿಯ ಗಾತ್ರವನ್ನು ನಾನು ಅಳೆಯುತ್ತಿರಲಿಲ್ಲ. ಬಾಟಲಿಯಿಂದ ಬಂದ ಮಣಿಗಳಲ್ಲಿ ಚಿಕ್ಕದು ದೊಡ್ಡದು ಎಲ್ಲ ಬೆರೆತಿರುತ್ತವೆ. ಅಫಿ-ಜೆಲ್ ಬ್ಲೂ ಮಣಿಯನ್ನೇ ತೆಗೆದುಕೊಳ್ಳಿ, ಮಾಮೂಲಿ ದರ್ಜೆಯಲ್ಲಿ 75 ಮೈಕ್ರಾನಿನಿಂದ 150 ಮೈಕ್ರಾನಿನವರೆಗೂ ಇರುತ್ತದೆ. ವ್ಯಾಸ ಎರಡು ಪಟ್ಟಾದರೆ ಗಾತ್ರ ಎಂಟು ಪಟ್ಟು. ಅಂದರೆ ನಾನು ಮಿಲಿಲೀಟರಿಗೆ 0.5 ಮಿಲಿಗ್ರಾಂ, 1 ಮಿಲಿಗ್ರಾಂ ಎಂದು ತಲೆಕೆಡಿಸಿಕೊಂಡು ದ್ರಾವಣ ಮಾಡುತ್ತಿದ್ದಾಗ, ಕಣ್ಣಂದಾಜಿನಲ್ಲಿ ಎತ್ತಿಕೊಂಡ ಮಣಿಯೇ ಡೋಸನ್ನು ಎಂಟು ಪಟ್ಟಿನವರೆಗೆ ಅತ್ತಿತ್ತ ಎಳೆದಾಡುತ್ತಿತ್ತು. ಉತ್ತರ ಸ್ವಿಚ್ಚಿನ ಹಾಗೆ ಕಂಡದ್ದರಲ್ಲಿ ಆಶ್ಚರ್ಯವೇನಿದೆ? ದೊಡ್ಡ ಮಣಿ ಬಿದ್ದ ಭ್ರೂಣದಲ್ಲಿ ಎಲ್ಲವೂ ಆಯ್ತು, ಚಿಕ್ಕದು ಬಿದ್ದದ್ದರಲ್ಲಿ ಏನೂ ಆಗಲಿಲ್ಲ.

ಈಗ 90ರಿಂದ 105 ಮೈಕ್ರಾನಿನೊಳಗಿನ ಮಣಿ ಮಾತ್ರ ಬಳಸುತ್ತೇನೆ. ನೂರು ಮೈಕ್ರಾನಿನ ಮಣಿಯ ಗಾತ್ರ ಅರ್ಧ ನ್ಯಾನೋಲೀಟರಿನಷ್ಟು. ಐಪೀಸಿನ ಅಳತೆಪಟ್ಟಿ ಹಿಡಿದು ಒಂದೊಂದನ್ನೇ ನೋಡಿ ಆರಿಸಿದರೆ ಇನ್ನೂರು ಮಣಿಗೆ ಒಂದು ಮಧ್ಯಾಹ್ನ ಬೇಕು. ಇದಕ್ಕಿಂತ ಬೇಗ ಮುಗಿಯುವ ದಾರಿಯೊಂದು ನನ್ನ ಬಳಿ ಇದೆ, ಆದರೆ ಅದನ್ನು ಸದ್ಯಕ್ಕೆ ಇಲ್ಲಿ ಬಿಚ್ಚುವುದಿಲ್ಲ. ಕೈಯಿಂದ ಆರಿಸಿದರೂ ಫಲಿತಾಂಶ ಒಂದೇ, ಕತ್ತು ನೋಯುತ್ತದೆ ಅಷ್ಟೆ. ಆರಿಸಿದ ಮಣಿಗಳನ್ನು ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್ ದ್ರಾವಣ) 4 ಡಿಗ್ರಿಯಲ್ಲಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತವೆ. ಫ್ರೀಜರಿಗೆ ಹಾಕಬೇಡಿ, ಸೀಳುತ್ತವೆ.

ಇನ್ನು ನೆನೆಸುವುದು. ದುಡ್ಡು ಹೋಗುವುದೇ ಇಲ್ಲಿ. 25 ಮೈಕ್ರೋಗ್ರಾಂ ವಯಲ್ ಒಂದರ ಬೆಲೆಗೆ ವರ್ಷದ ಮೊಟ್ಟೆಯ ಖರ್ಚನ್ನು ತೂಗಿಸಬಹುದು. ನಾನು ಮೊದಲು 10 ಮೈಕ್ರೋಲೀಟರ್ ಹನಿಯಲ್ಲಿ ಹತ್ತು ಮಣಿ ನೆನೆಸಿ ಉಳಿದದ್ದನ್ನು ಚೆಲ್ಲುತ್ತಿದ್ದೆ. ಲೆಕ್ಕ ಹಾಕಿದರೆ ಎರಡು ವಯಲ್‌ಗಿಂತ ಹೆಚ್ಚು ಪ್ರೋಟೀನ್ ಸೀದಾ ಸಿಂಕಿಗೆ ಹೋಗಿದೆ. ಈಗ ವಯಲ್ಲಿಗೆ 50 ಮೈಕ್ರೋಲೀಟರ್ ಪಿಬಿಎಸ್ ಹಾಕಿ 0.5 ಮಿಲಿಗ್ರಾಂ ಪ್ರತಿ ಮಿಲಿಲೀಟರಿಗೆ ಮಾಡಿ, 2 ಮೈಕ್ರೋಲೀಟರಿನಂತೆ ಇಪ್ಪತ್ತನಾಲ್ಕು ಟ್ಯೂಬಿಗೆ ಹಂಚಿ, ಮೈನಸ್ 80ಕ್ಕೆ ಇಟ್ಟುಬಿಡುತ್ತೇನೆ. ಪಿಬಿಎಸ್‌ನಲ್ಲಿ 0.1 ಶೇಕಡ ಬಿಎಸ್‌ಎ (ಹಸುವಿನ ರಕ್ತದ ಪ್ರೋಟೀನು) ಇರಲೇಬೇಕು, ಇಲ್ಲದಿದ್ದರೆ ಎಫ್‌ಜಿಎಫ್ ಟ್ಯೂಬಿನ ಗೋಡೆಗೆ ಅಂಟಿ ಕೂರುತ್ತದೆ. ಟ್ಯೂಬೂ ಪ್ರೋಟೀನ್ ಅಂಟದ ಜಾತಿಯದೇ ಆಗಿರಲಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವುದಿಲ್ಲ. ಎರಡು ಸಲ ಹೆಪ್ಪುಗಟ್ಟಿದ ಬ್ಯಾಚಿನಿಂದ ಹದಿನೈದು ಭ್ರೂಣ ದಂಡವಾದ ಮೇಲೆ ಕಲಿತ ಪಾಠ ಇದು.

ಒಂದು ಟ್ಯೂಬಿಗೆ ಹದಿನೈದು ಮಣಿ. 35 ಮಿಲಿಮೀಟರ್ ಪ್ಲೇಟಿನ ನಡುವೆ ಹನಿ ಇಟ್ಟು, ಮಣಿಯ ಸುತ್ತಲಿನ ಪಿಬಿಎಸ್ಸನ್ನು ಫಿಲ್ಟರ್ ಪೇಪರಿನ ಚೂಪು ತುದಿಯಿಂದ ಹೀರಿ, ಆಮೇಲೆ ಮಣಿಯನ್ನು ಹನಿಗೆ ಹಾಕಬೇಕು. ಮಣಿಯ ಜೊತೆ ಒಂದು ಮೈಕ್ರೋಲೀಟರ್ ಪಿಬಿಎಸ್ ಬಂದರೂ ಡೋಸ್ ಮೂರರಲ್ಲಿ ಒಂದು ಪಾಲು ಇಳಿದುಹೋಗುತ್ತದೆ. ಪ್ಲೇಟಿನ ಅಂಚಿಗೆ ಒದ್ದೆ ಟಿಶ್ಯೂ ಸುತ್ತಿ ಮುಚ್ಚಿಡಿ, ಇಲ್ಲದಿದ್ದರೆ 2 ಮೈಕ್ರೋಲೀಟರ್ ಇಪ್ಪತ್ತು ನಿಮಿಷದಲ್ಲಿ ಒಣಗಿ ಉಪ್ಪಿನ ಉಂಗುರ ಉಳಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ ಒಂದು ಗಂಟೆ, ಆಮೇಲೆ ಐಸ್ ಮೇಲೆ. ಅದೇ ದಿನ ಬಳಸಿ ಮುಗಿಸಬೇಕು.

ಎಫ್‌ಜಿಎಫ್ ಜೊತೆ ಹೆಪಾರಿನ್ ಸೇರಿಸಿ ಎಂದು ಬಹಳ ಕಡೆ ಬರೆದಿರುತ್ತದೆ. ಕಲ್ಚರ್ ದ್ರವಕ್ಕೆ ಹಾಕುವಾಗ ಅದು ಸರಿ. ಹೆಪಾರಿನ್ ಮಣಿ ನೆನೆಸುವ ಹನಿಗೆ ಮಾತ್ರ ಹಾಕಬೇಡಿ. ನೀರಿನಲ್ಲಿ ತೇಲುವ ಹೆಪಾರಿನ್ನೇ ಎಫ್‌ಜಿಎಫ್ಫನ್ನು ಹಿಡಿದುಕೊಂಡುಬಿಟ್ಟರೆ ಮಣಿಗೆ ಸಿಗುವುದು ಮಿಕ್ಕಿದ್ದು. ಮೊದಲ ಬ್ಯಾಚುಗಳು ಮಂಕಾಗಿದ್ದಕ್ಕೆ ಇದೂ ಒಂದು ಕಾರಣ.

ಭ್ರೂಣಕ್ಕೆ ಇಡುವ ಮೊದಲು ಮಣಿಯನ್ನು 20 ಮೈಕ್ರೋಲೀಟರಿನ ಮೂರು ಹನಿಗಳಲ್ಲಿ ಅದ್ದಿ ತೆಗೆಯಬೇಕು, ಒಂದೊಂದರಲ್ಲೂ ಮೂರು ನಾಲ್ಕು ಸೆಕೆಂಡು. ಹೊರಮೈಗೆ ಅಂಟಿದ ದ್ರವವನ್ನು ತೊಳೆಯದೆ ಇಟ್ಟರೆ ಮೊದಲ ಹತ್ತು ನಿಮಿಷದಲ್ಲಿ ದೊಡ್ಡ ಅಲೆ ಹೊರಟು ಎದುರು ಬದಿಗೂ ಮುಟ್ಟುತ್ತದೆ. ಹೆಪಾರಿನ್ ಮಣಿ ಗಾಜಿನಂತೆ ತಿಳಿಯಾಗಿರುವುದರಿಂದ ಅಂಗಾಂಶದೊಳಗೆ ಹೋದರೆ ಕಾಣೆ. ಕೊನೆಯ ಹನಿಗೆ ಒಂದಿಷ್ಟು ಫೀನಾಲ್ ರೆಡ್ ಬೆರೆಸಿದರೆ ಇಡುವಷ್ಟು ಹೊತ್ತು ಗುಲಾಬಿ ಬಣ್ಣದಲ್ಲಿ ಕಾಣುತ್ತದೆ, ಆಮೇಲೆ ತಾನೇ ಹೋಗುತ್ತದೆ.

ಪ್ಲೇಟು ಮಾಡುವುದು ಎಲ್ಲರಿಗೂ ಗೊತ್ತು. 120 ಮಿಲಿಲೀಟರ್ ತೆಳು ಬಿಳಿಲೋಳೆ, ಅಷ್ಟೇ ಸಲೈನಿನಲ್ಲಿ 0.72 ಗ್ರಾಂ ಅಗಾರ್, ಎರಡೂ 49 ಡಿಗ್ರಿಗೆ ಬಂದ ಮೇಲೆ ಬೆರೆಸಿ ಪ್ಲೇಟಿಗೆ ಎರಡೂವರೆ ಮಿಲಿಲೀಟರ್. ಅಗಾರ್ 55 ದಾಟಿದ್ದಾಗ ಅವಸರ ಮಾಡಿದರೆ ಲೋಳೆ ಬೆಂದು ಎಳೆಎಳೆಯಾಗುತ್ತದೆ, ಅಂಥ ಪ್ಲೇಟಿನ ಮೇಲೆ ಭ್ರೂಣ ಬೆಳೆದರೂ ಕೆಳಗಿನ ಬೆಳಕಿನಲ್ಲಿ ಸೋಮೈಟ್ ಅಂಚು ತೆಗೆಯಲಾಗುವುದಿಲ್ಲ. ಹಳೆಯ ಮೊಟ್ಟೆಯ ಲೋಳೆ ಬೇಡ.

ಹಂತದ ವಿಷಯಕ್ಕೆ ಬಂದರೆ, ಗಂಟೆ ನೋಡಿ ಭ್ರೂಣ ತೆಗೆಯುವ ಅಭ್ಯಾಸ ಬಿಡಿ. 38 ಡಿಗ್ರಿಯಲ್ಲಿ 36ರಿಂದ 40 ಗಂಟೆ ಎಂದು ಇಟ್ಟರೂ ಒಂದೇ ಟ್ರೇಯಲ್ಲಿ ಏಳು ಸೋಮೈಟಿನದೂ ಇರುತ್ತದೆ, ಹದಿನಾಲ್ಕರದೂ ಇರುತ್ತದೆ. ವಾರಕ್ಕಿಂತ ಹೆಚ್ಚು ದಿನ ತಂಪಿನಲ್ಲಿ ಇಟ್ಟಿದ್ದ ಮೊಟ್ಟೆಗಳಂತೂ ಕುಂಟುತ್ತಾ ಬರುತ್ತವೆ. 10ರಿಂದ 13 ಸೋಮೈಟ್, ಅಂದರೆ ಹ್ಯಾಂಬರ್ಗರ್-ಹ್ಯಾಮಿಲ್ಟನ್ ಪಟ್ಟಿಯ (ಕೋಳಿ ಭ್ರೂಣದ ಬೆಳವಣಿಗೆಯ ಹಂತಗಳು) 10, 11ನೇ ಹಂತದವು ಮಾತ್ರ ನನಗೆ ಬೇಕು. ಉಳಿದವು ಅಭ್ಯಾಸಕ್ಕೆ.

ಮಣಿ ಎಲ್ಲಿಗೆ ಇಡಬೇಕು ಎಂಬಲ್ಲಿ ನಾನು ಕಳೆದುಕೊಂಡಷ್ಟು ಭ್ರೂಣ ಬೇರೆಲ್ಲೂ ಕಳೆದುಕೊಂಡಿಲ್ಲ. ಈಗಷ್ಟೇ ಬೇರ್ಪಟ್ಟ ಸೋಮೈಟ್ ಒಂದು, ಬೇರ್ಪಡುತ್ತಿರುವುದು ಸೊನ್ನೆ, ಅದರ ಹಿಂದಿನವು ಮೈನಸ್ ಒಂದು, ಮೈನಸ್ ಎರಡು ಎಂದು ಎಣಿಸುತ್ತೇವಲ್ಲ, ಮೈನಸ್ ನಾಲ್ಕರವರೆಗಿನ ಗಡಿಗಳು ಆಗಲೇ ತೀರ್ಮಾನವಾಗಿಬಿಟ್ಟಿರುತ್ತವೆ. ಅಲ್ಲಿ ಎಷ್ಟು ಎಫ್‌ಜಿಎಫ್ ಸುರಿದರೂ ಅವು ಕೇಳುವುದಿಲ್ಲ. ನಾನು ಮೊದಲು ಮಣಿ ಇಡುತ್ತಿದ್ದದ್ದು ಮೈನಸ್ ಎರಡು, ಮೂರರ ಬಳಿ, ಏಕೆಂದರೆ ಅಲ್ಲಿ ಪಟ್ಟಿ ಗಟ್ಟಿಯಾಗಿದ್ದು ಮಣಿ ಚೆನ್ನಾಗಿ ಕೂರುತ್ತದೆ. ಕೂರುತ್ತದೆ ನಿಜ, ಕೆಲಸ ಮಾಡುವುದಿಲ್ಲ. ಬಾಲಮೊಗ್ಗಿಗೆ ತೀರಾ ಹತ್ತಿರ ಇಟ್ಟರೂ ಲಾಭವಿಲ್ಲ, ಅಲ್ಲಿ ಭ್ರೂಣದ್ದೇ ಎಫ್‌ಜಿಎಫ್ ತುಂಬಿ ತುಳುಕುತ್ತಿರುತ್ತದೆ, ನಮ್ಮ ಒಂದು ಚಮಚ ಅದರಲ್ಲಿ ಯಾರಿಗೆ ಕಾಣಬೇಕು? ಮೈನಸ್ ಆರರಿಂದ ಎಂಟರ ನಡುವೆ, ಪಟ್ಟಿಯ ಹೊರ ಅಂಚಿನಲ್ಲಿ: ಅದೇ ಜಾಗ.

ಅಲ್ಲಿ ಗುರುತು ಇಲ್ಲವಲ್ಲ, ಹೇಗೆ ಅಳೆಯುವುದು? ಕೊನೆಯ ಎರಡು ಸೋಮೈಟಿನ ಉದ್ದವನ್ನು ಐಪೀಸಿನಲ್ಲಿ ಅಳೆದು (ನನ್ನಲ್ಲಿ ಒಂದೊಂದು ನೂರು, ನೂರಿಪ್ಪತ್ತು ಮೈಕ್ರಾನ್ ಬರುತ್ತದೆ) ಅದೇ ಅಳತೆಯಲ್ಲಿ ಹಿಂದಕ್ಕೆ ಏಳು ಹೆಜ್ಜೆ ಹಾಕುತ್ತೇನೆ. ಅರ್ಧ ಸೋಮೈಟಿನಷ್ಟು ತಪ್ಪಾಗುತ್ತದೆ, ಪರವಾಗಿಲ್ಲ.

ಭ್ರೂಣ ಹೊಟ್ಟೆ ಮೇಲಾಗಿ ಮಲಗಿರುತ್ತದೆ. ಟಂಗ್‌ಸ್ಟನ್ ಸೂಜಿಯಿಂದ ಎಂಡೋಡರ್ಮನ್ನು (ಭ್ರೂಣದ ಒಳಪದರ) ಪಟ್ಟಿಯ ಹೊರಬದಿಗೆ, ಮಣಿಯ ವ್ಯಾಸಕ್ಕಿಂತ ತುಸು ಕಡಿಮೆ ಉದ್ದಕ್ಕೆ ಸೀಳಬೇಕು. ತುಸು ಕಡಿಮೆ ಎಂಬುದೇ ಮುಖ್ಯ. ಸೀಳು ದೊಡ್ಡದಾದರೆ ಮಣಿ ಎರಡು ಗಂಟೆಯಲ್ಲಿ ಹೊರಬಂದು ಲೋಳೆಯ ಮೇಲೆ ಉರುಳಾಡುತ್ತಿರುತ್ತದೆ. ಮಣಿಯನ್ನು ಸೀಳಿನ ಬಾಯಿಗೆ ತಂದು, ಮುಚ್ಚಿದ ಚಿಮಟದ ಬೆನ್ನಿನಿಂದ ಒತ್ತಿದರೆ 'ಪುಳಕ್' ಎಂದು ಒಳಗೆ ಹೋಗುತ್ತದೆ. ಆಮೇಲೆ ಮೇಲಿರುವ ಸಲೈನನ್ನು ಸಣ್ಣ ಮೂತಿಯ ಪೈಪೆಟ್ಟಿನಿಂದ ಪೂರ್ತಿ ಹೀರಿ. ನೀರು ನಿಂತರೆ ಭ್ರೂಣ ಚಪ್ಪಟೆಯಾಗದೆ ಸುಕ್ಕಾಗುತ್ತದೆ, ಮಣಿಯೂ ತೇಲಿಹೋಗುತ್ತದೆ. ಇಪ್ಪತ್ತು ನಿಮಿಷ ಮೇಜಿನ ಮೇಲೇ ಬಿಟ್ಟು ಗಾಯ ಕೂಡಿಕೊಂಡ ಮೇಲೆ 38 ಡಿಗ್ರಿಗೆ, ತಳದಲ್ಲಿ ನೀರಿರುವ ಡಬ್ಬಿಯಲ್ಲಿ.

ಈಗ ಕಾಯುವುದು. ಸೋಮೈಟ್‌ಗೆ 90 ನಿಮಿಷ. ಮೈನಸ್ ನಾಲ್ಕರವರೆಗಿನವು ಮೊದಲು ಮಾಮೂಲಿಯಾಗಿಯೇ ಬರುತ್ತವೆ, ಆದ್ದರಿಂದ ಮೊದಲ ಆರೇಳು ಗಂಟೆ ನೋಡಲು ಏನೂ ಇರುವುದಿಲ್ಲ. ಆರನೇ ಗಂಟೆಗೆ ಇಣುಕಿ ನೋಡಿ 'ಆಗಲಿಲ್ಲ' ಎಂದು ಬರೆದು ಎಸೆದ ಭ್ರೂಣಗಳು ನನ್ನ ಲೆಕ್ಕದಲ್ಲೇ ಹತ್ತಕ್ಕಿಂತ ಹೆಚ್ಚು. ಹನ್ನೆರಡು ಗಂಟೆ ಬಿಡಬೇಕು. ಆಗ ಮಣಿಯ ಬದಿಯಲ್ಲಿ ಎರಡೋ ಮೂರೋ ಪುಟ್ಟ ಸೋಮೈಟ್, ಅವುಗಳ ಹಿಂದೆ ಕೆಲವೊಮ್ಮೆ ಒಂದು ದೊಡ್ಡದು ಬರುತ್ತದೆ. ಆ ದೊಡ್ಡದು ಬಂದರೆ ನನಗೆ ಖುಷಿ. ಮಣಿಯ ಸರಕು ಮುಗಿದು ಗಡಿ ತನ್ನ ಹಳೆಯ ಜಾಗಕ್ಕೆ ಜಿಗಿದಿದೆ ಎಂದರ್ಥ. ಎಡಬಲದ ಎಣಿಕೆ ಒಂದೇ ಇರುತ್ತದೆ, ಉದ್ದ ಮಾತ್ರ ಬೇರೆ. ಸೋಮೈಟ್ ತುಂಡಾಗುವ ಗಡಿಯಾರದ ಓಟ ಬದಲಾಗಿಲ್ಲ, ಬದಲಾಗಿದ್ದು ಗಡಿ ಹಿಂದೆ ಸರಿಯುವ ವೇಗ. ಎಣಿಕೆಯೂ ಬೇರೆಯಾಗಿದ್ದರೆ ಅದು ಗಾಯದ ಕೆಲಸ, ಆ ಭ್ರೂಣವನ್ನು ಲೆಕ್ಕದಿಂದ ತೆಗೆಯಿರಿ.

ಉದ್ದವನ್ನು ಮೈಕ್ರಾನಿನಲ್ಲಿ ಹೋಲಿಸಬೇಡಿ. ಒಂದು ಭ್ರೂಣಕ್ಕೂ ಇನ್ನೊಂದಕ್ಕೂ ಶೇಕಡ ಹದಿನೈದರಷ್ಟು ವ್ಯತ್ಯಾಸ ಮಾಮೂಲು. ಮಣಿಯ ಬದಿಯನ್ನು ಅದೇ ಭ್ರೂಣದ ಎದುರು ಬದಿಯಿಂದ ಭಾಗಿಸಿ. ಫೋಟೋ ತೆಗೆದು ಇಮೇಜ್‌ಜೆಯಲ್ಲಿ ಗೆರೆ ಎಳೆದರೆ ಸಾಕು. ನನ್ನ ನೆನಪಿನ ಅಂಕಿ ಹೀಗಿವೆ: 0.5 ಮಿಲಿಗ್ರಾಂನಲ್ಲಿ ನೆನೆದ ಮಣಿ ಪಟ್ಟಿಗೆ ತಾಗಿದ್ದರೆ ಅನುಪಾತ 0.65ರ ಸುಮಾರು, ನೂರೈವತ್ತು ಮೈಕ್ರಾನ್ ದೂರವಿದ್ದರೆ 0.85, ಮುನ್ನೂರು ದಾಟಿದರೆ ಒಂದರ ಆಸುಪಾಸು. ಬರೀ ಪಿಬಿಎಸ್‌ನಲ್ಲಿ ನೆನೆದ ಮಣಿ ಇಟ್ಟರೆ 0.95ರಿಂದ 1.05ರೊಳಗೆ ಆಡುತ್ತದೆ, ಹತ್ತರಲ್ಲಿ ಒಂದು ಮಾತ್ರ ಗಾಯದಿಂದ ಹಾಳು.

ಡೋಸ್ ಬದಲಿಸಿ ಇದೇ ಮೆಟ್ಟಿಲು ತೆಗೆಯಲು ಹೋಗಿ ಎರಡು ತಿಂಗಳು ಕಳೆದೆ. 0.02ರಲ್ಲಿ ಏನೂ ಇಲ್ಲ, 0.1ರಲ್ಲಿ ಇದ್ದೂ ಇಲ್ಲದ ಹಾಗೆ, 0.5ರಲ್ಲಿ ಸ್ಪಷ್ಟ, 1ರಲ್ಲಿ ಎದುರು ಬದಿಯೂ ಕುಗ್ಗಿ ಅನುಪಾತವೇ ಸುಳ್ಳಾಯಿತು. ಕಾಗದದ ಮೇಲೆ ಲೆಕ್ಕ ಹಾಕಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಗ್ರೇಡಿಯೆಂಟ್ ಘಾತೀಯವಾಗಿ ಇಳಿಯುವುದಾದರೆ ಡೋಸ್ ಎರಡು ಪಟ್ಟು ಮಾಡಿದಾಗ ಗಡಿ ಎರಡು ಪಟ್ಟು ದೂರ ಹೋಗುವುದಿಲ್ಲ, ಇಳಿಕೆಯ ಉದ್ದದ (ಪ್ರಮಾಣ ಸುಮಾರು ಶೇಕಡ 37ಕ್ಕೆ ಇಳಿಯುವ ದೂರ) 0.7ರಷ್ಟು ಮಾತ್ರ ಸರಿಯುತ್ತದೆ. ಜೀಬ್ರಾಫಿಶ್‌ನಲ್ಲಿ 2009ರಲ್ಲಿ ಎಫ್‌ಜಿಎಫ್-8ನ್ನು ಅಣು ಅಣುವಾಗಿ ಅಳೆದಾಗ ಸಿಕ್ಕ ಇಳಿಕೆಯ ಉದ್ದ ಸುಮಾರು 200 ಮೈಕ್ರಾನ್, ಹರಡುವಿಕೆಯ ಗುಣಾಂಕ ಸೆಕೆಂಡಿಗೆ 50 ಚದರ ಮೈಕ್ರಾನಿನ ಆಸುಪಾಸು. ಆ ಅಂಕಿ ಹಿಡಿದರೆ ಡೋಸ್ ದ್ವಿಗುಣಕ್ಕೆ 140 ಮೈಕ್ರಾನ್, ಹತ್ತು ಪಟ್ಟಿಗೆ 460. ಕೋಳಿಗೆ ಅದೇ ಅಂಕಿ ಅಂಟಿಸಲಾಗದು, ಆದರೆ ಲೆಕ್ಕದ ಜಾಡು ಅದೇ. ಅಷ್ಟು ಪ್ರೋಟೀನ್ ಸುಡುವ ಬದಲು ಮಣಿಯನ್ನು ನೂರು ಮೈಕ್ರಾನ್ ಆಚೆ ತಳ್ಳಿದರೆ ಪುಕ್ಕಟೆ ಆಗುತ್ತದೆ. ಡೋಸನ್ನು ಕಟ್ಟಿಹಾಕಿ ದೂರವನ್ನು ಬದಲಿಸಿ. ಇಷ್ಟು ಸಣ್ಣ ಬದಲಾವಣೆಗೆ ಎರಡು ತಿಂಗಳು ಬೇಕಾಯಿತು.

ನಡುವೆ ಅಡ್ಡದಾರಿಗೂ ಹೋಗಿದ್ದೆ. ಹರಡುವುದನ್ನು ಕಣ್ಣಾರೆ ನೋಡೋಣವೆಂದು ಹೊಳೆಯುವ ಡೆಕ್ಸ್‌ಟ್ರಾನ್‌ನಲ್ಲಿ ಮಣಿ ನೆನೆಸಿದೆ, ತೂಕ ಎಫ್‌ಜಿಎಫ್‌ನಷ್ಟೇ, ಇಪ್ಪತ್ತು ಕಿಲೋಡಾಲ್ಟನ್. ಹತ್ತು ನಿಮಿಷದಲ್ಲಿ ಮಣಿ ಖಾಲಿ, ಭ್ರೂಣವೆಲ್ಲ ಹಸಿರು. ಡೆಕ್ಸ್‌ಟ್ರಾನ್‌ಗೆ ಹೆಪಾರಿನ್ ಹಿಡಿತವಿಲ್ಲ, ಅಂಗಾಂಶದ ಹೆಪಾರಾನ್ ಸಲ್ಫೇಟೂ ಅದನ್ನು ತಡೆಯುವುದಿಲ್ಲ, ಜೀವಕೋಶ ಅದನ್ನು ಗ್ರಾಹಕದ ಮೂಲಕ ನುಂಗುವುದೂ ಇಲ್ಲ. ಎಫ್‌ಜಿಎಫ್ ಗ್ರೇಡಿಯೆಂಟ್ ಮಾಡುವುದೇ ಈ ಮೂರು. ಚಂದದ ಚಿತ್ರ ಬಂತು, ಉಪಯೋಗ ಏನೂ ಆಗಲಿಲ್ಲ.

ಎಸ್‌ಯು5402 ಎಂಬ ಮದ್ದು ಹಾಕಿ ಉಲ್ಟಾ ನೋಡಿದ್ದು ಉಪಯೋಗಕ್ಕೆ ಬಂತು. ಎಫ್‌ಜಿಎಫ್ ಗ್ರಾಹಕವನ್ನು ತಡೆದರೆ ಸೋಮೈಟ್ ದೊಡ್ಡದಾಗಬೇಕು, ಆಗುತ್ತದೆ. 50 ಮೈಕ್ರೋಮೋಲಾರ್ ದ್ರಾವಣದಲ್ಲಿ ಒಂದೂವರೆ ಗಂಟೆ ಮುಳುಗಿಸಿಟ್ಟು, ತೊಳೆದು, ಪ್ಲೇಟಿಗೆ ಮರಳಿಸಿದೆ. ಡಿಎಂಎಸ್‌ಓ (ಮದ್ದು ಕರಗಿಸುವ ದ್ರಾವಕ) 0.5 ಶೇಕಡ ಮೀರಬಾರದು. ಬೆಳಕಿಗೆ ಇಟ್ಟರೆ ಮದ್ದು ಕೆಡುತ್ತದೆ, ಟ್ಯೂಬಿಗೆ ಫಾಯಿಲ್ ಸುತ್ತಿ. ಇಲ್ಲಿ ಎರಡೂ ಬದಿ ಬದಲಾಗುವುದರಿಂದ ಬೇರೆ ಭ್ರೂಣವೇ ಹೋಲಿಕೆಗೆ ಬೇಕು, ಅಂಕಿ ಚದುರುತ್ತದೆ, ಸಂಖ್ಯೆ ಹೆಚ್ಚು ಬೇಕಾಗುತ್ತದೆ.

ಪಿಇಆರ್‌ಕೆ (ಎಫ್‌ಜಿಎಫ್ ಸಂಕೇತ ಬಂದಾಗ ಫಾಸ್ಫೇಟ್ ಹೊರುವ ಪ್ರೋಟೀನು) ಬಣ್ಣದ ಬಗ್ಗೆ ಕೇಳುವವರಿಗೆ: ಮಾಡಬಹುದು, ಆದರೆ ಅದು ದುಡ್ಡು ತಿನ್ನುವ ಹುಳ. ಸೂಜಿ ತಾಗಿದ ಗಾಯವೇ ಸಂಕೇತ ಹೊತ್ತಿಸುತ್ತದೆ, ಮಣಿ ಇಟ್ಟ ಅರ್ಧ ಗಂಟೆಯಲ್ಲಿ ನೋಡಿದರೆ ಗಾಯವೋ ಎಫ್‌ಜಿಎಫ್ಫೋ ತಿಳಿಯದು. ಪಿಬಿಎಸ್ ಮಣಿಯ ಜೋಡಿ ಇಲ್ಲದೆ ಆ ಚಿತ್ರಕ್ಕೆ ಬೆಲೆಯಿಲ್ಲ. ಇನ್‌ಕ್ಯುಬೇಟರಿನಿಂದ ತೆಗೆದು ಒಂದು ನಿಮಿಷದೊಳಗೆ ಐಸಿನಷ್ಟು ತಣ್ಣಗಿನ 4 ಶೇಕಡ ಪಿಎಫ್‌ಎಗೆ (ಅಂಗಾಂಶ ಗಟ್ಟಿಮಾಡುವ ದ್ರವ) ಇಳಿಸದಿದ್ದರೆ ಫಾಸ್ಫೇಟ್ ಉದುರಿಹೋಗುತ್ತದೆ. ನಾನು ಪಿಎಫ್‌ಎಗೆ ಫಾಸ್ಫೇಟ್ ಉದುರದಂತೆ ತಡೆಯುವ ಆರ್ಥೋವನಡೇಟ್ ಮತ್ತು ಫ್ಲೋರೈಡ್ ಎರಡನ್ನೂ ಸೇರಿಸುತ್ತೇನೆ. ಮಣಿ ಜೀವಂತವಾಗಿದೆಯೇ ಎಂದಷ್ಟೇ ತಿಳಿಯಬೇಕಿದ್ದರೆ ಸ್ಪ್ರೌಟಿ-2 (ಎಫ್‌ಜಿಎಫ್ ಹೊತ್ತಿಸುವ ಜೀನ್) ಪ್ರೋಬ್ ಸಾಕು, ಮೂರು ಗಂಟೆಗೇ ಮಣಿಯ ಸುತ್ತ ಉಂಗುರ ಕಾಣುತ್ತದೆ.

ಕೈ ಪಳಗಿಸಿಕೊಳ್ಳುವವರು ಎಫ್‌ಜಿಎಫ್-2ರಲ್ಲಿ ಶುರುಮಾಡಲಿ, ಅದು ಅಗ್ಗ. ಇನ್ನೂ ಸುಲಭದ್ದು ಬೇಕಿದ್ದರೆ ಪಕ್ಕೆಯ ಪ್ರಯೋಗ: 14ನೇ ಹಂತದ ಆಸುಪಾಸು, ರೆಕ್ಕೆ ಮೊಗ್ಗಿಗೂ ಕಾಲು ಮೊಗ್ಗಿಗೂ ನಡುವೆ, 21ರಿಂದ 25ನೇ ಸೋಮೈಟಿನ ಎದುರಿಗೆ ಮಣಿ ಇಟ್ಟು ಹತ್ತನೇ ದಿನದವರೆಗೆ ಕಾದರೆ ಹೆಚ್ಚುವರಿ ಕೈಯೋ ಕಾಲೋ ಹೊರಡುತ್ತದೆ. ಅದನ್ನು ಇಸಿ ಪ್ಲೇಟಿನಲ್ಲಿ ಮಾಡಲಾಗದು, ಮೊಟ್ಟೆಯಲ್ಲಿ ಕಿಟಕಿ ತೆರೆದೇ ಮಾಡಬೇಕು. ಮೂರೂವರೆ ಮಿಲಿಲೀಟರ್ ಲೋಳೆಯನ್ನು ಮೊದಲೇ ಎಳೆದುಕೊಳ್ಳದಿದ್ದರೆ ಕಿಟಕಿ ಕತ್ತರಿಸುವಾಗ ಭ್ರೂಣ ಕತ್ತರಿಗೆ ಸಿಗುತ್ತದೆ. ಹುಟ್ಟಿದ ಅಂಗದ ಬೆರಳುಗಳು ತಿರುಗುಮುರುಗಾಗಿ ಬಂದರೆ ಮಣಿ ತಪ್ಪಿಟ್ಟಿರಿ ಎಂದು ಗಾಬರಿಯಾಗಬೇಡಿ. ಅಲ್ಲಿ ಎಸ್‌ಎಚ್‌ಎಚ್ (ಬೆರಳುಗಳ ಕ್ರಮ ತೀರ್ಮಾನಿಸುವ ಜೀನ್) ಹೊತ್ತಿಕೊಳ್ಳುವುದು ಮುಂದಿನ ಅಂಚಿನಲ್ಲಿ, ಅಂಗ ಉಲ್ಟಾ ಬರುವುದೇ ಸರಿ. ಓದಲು ಐದು ಶೇಕಡ ಟಿಸಿಎಯಲ್ಲಿ (ಟ್ರೈಕ್ಲೋರೋಅಸೆಟಿಕ್ ಆಮ್ಲ) ಗಟ್ಟಿಮಾಡಿ, ಆಮ್ಲ ಬೆರೆತ ಎಪ್ಪತ್ತು ಶೇಕಡ ಆಲ್ಕೊಹಾಲಿನಲ್ಲಿ 0.1 ಶೇಕಡ ಆಲ್ಸಿಯನ್ ಗ್ರೀನ್ (ಮೃದ್ವಸ್ಥಿಗೆ ಹಿಡಿಯುವ ಬಣ್ಣ) ರಾತ್ರಿಯಿಡೀ, ಕೊನೆಗೆ ಮೀಥೈಲ್ ಸ್ಯಾಲಿಸಿಲೇಟ್. ಪ್ಲಾಸ್ಟಿಕ್ ಪ್ಲೇಟಿನಲ್ಲಿ ಮಾತ್ರ ಇಡಬೇಡಿ, ಮೀಥೈಲ್ ಸ್ಯಾಲಿಸಿಲೇಟ್ ಅದನ್ನು ಕರಗಿಸಿ ಅಂಗವನ್ನು ತಳಕ್ಕೆ ಅಂಟಿಸಿಬಿಡುತ್ತದೆ. ಗಾಜಿನ ಬಟ್ಟಲು ತೆಗೆದುಕೊಳ್ಳಿ.